ಡೆಂಗೀ ಜ್ವರದಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ತಪ್ಪಿತು, 3,592 ರೂಪಾಯಿ ಹೆಚ್ಚಿಗೆ ಹಾಕಿದ್ದಾರೆ. ಕೇಳಿದರೆ ಬಿಡ್ತಾರಾ?

ನವನಗರ ಝೆರಾಕ್ಸ್ · 1 ಸೆಪ್ಟೆಂಬರ್ 2025, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಿಲ್ಲದೆ ಓದಿ.

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಪೇಪರ್, ಟೋನರ್, ನೋಟ್‌ಬುಕ್ ಎಲ್ಲ ಕ್ರೆಡಿಟ್ ಕಾರ್ಡ್ ಮೇಲೆ ತರುತ್ತೇನೆ. ಬಿಲ್ ಬಂದ ಮೇಲೆ ಪೂರ್ತಿ ಕಟ್ಟುತ್ತೇನೆ. ಆರು ವರ್ಷದಲ್ಲಿ ಒಂದು ದಿನ ತಡ ಮಾಡಿದವನಲ್ಲ.

ಜುಲೈ 25ಕ್ಕೆ 38,460 ರೂಪಾಯಿ ಬಿಲ್ ಬಂತು. ಆಗಸ್ಟ್ 14 ಕೊನೇ ದಿನ. ರೊಕ್ಕ ಖಾತೆಯಲ್ಲೇ ಇತ್ತು, 12ಕ್ಕೋ 13ಕ್ಕೋ ಕಟ್ಟಿದರಾಯಿತು ಅಂದುಕೊಂಡಿದ್ದೆ. 9ನೇ ತಾರೀಖು ಸಂಜೆ ಜ್ವರ ಬಂತು. 11ಕ್ಕೆ ದವಾಖಾನೆಗೆ ಹಾಕಿದರು. ಡೆಂಗೀ, ಪ್ಲೇಟ್‌ಲೆಟ್ 22 ಸಾವಿರಕ್ಕೆ ಇಳಿದಿತ್ತು. 20ಕ್ಕೆ ಮನೆಗೆ ಬಂದೆ. ಬಂದ ಮೇಲೂ ಗೋಡೆ ಹಿಡಿದು ನಡೆಯುವ ಸ್ಥಿತಿ. ಫೋನು ಕಪಾಟಿನಲ್ಲಿ ಬಂದಾಗಿ ಬಿದ್ದಿತ್ತು, ಅದರ ನೆನಪೇ ಇಲ್ಲ. ಗಣೇಶ ಚೌತಿ ಮುಗಿದ ಮೇಲೆ, 29ಕ್ಕೆ, ಚಾರ್ಜ್ ಹಾಕಿ ನೋಡಿದರೆ ಮೆಸೇಜ್ ಮೇಲೆ ಮೆಸೇಜ್. ಆಗಸ್ಟ್ 25ರ ಹೊಸ ಬಿಲ್ 42,052! ಈ ನಡುವೆ ಕಾರ್ಡ್ ಮುಟ್ಟಿಯೇ ಇಲ್ಲ. ಹೆದರಿ ಅವತ್ತೇ ಪೂರ್ತಿ ಕಟ್ಟಿಬಿಟ್ಟೆ.

ರೊಕ್ಕಕ್ಕಿಂತ ಜಾಸ್ತಿ ಸಂಕಟ ಬೇರೆ ಇದೆ. 21ರ ರಾತ್ರಿ ಎಂಟೂವರೆಗೆ ವಸೂಲಿಯವನು ನನ್ನ ಹೆಂಡತಿ ನಂಬರ್‌ಗೆ ಫೋನ್ ಮಾಡಿ "ಯಜಮಾನರು ಎಲ್ಲಿ ಅಡಗಿ ಕೂತಿದ್ದಾರೆ" ಅಂದಿದ್ದಾನೆ. ಅವಳು ನನಗೆ ಹೇಳಿರಲಿಲ್ಲ. ನಿನ್ನೆ ಹೇಳಿದಳು.

ಕಾಯಿಲೆ ಇತ್ತು ಅಂತ ಕೇಳಿದರೆ ದಂಡ ಬಿಡ್ತಾರಾ? ದೀಪಾವಳಿಗೆ ಹೊಸ ಮಷೀನಿಗೆ ಸಾಲ ಕೇಳಬೇಕು ಅಂತಿದ್ದೆ, ಸಿಬಿಲ್‌ನಲ್ಲಿ ನನ್ನ ಸಾಲದ ದಾಖಲೆ ಕೆಟ್ಟಿತಾ?

ಗುಮ್ಮಟದ ನೆರಳು · ರಾತ್ರಿ 9:52

ಮೊದಲು ಆರೋಗ್ಯ ನೋಡಿಕೊಳ್ಳಿ. ಆದರೆ ನೇರ ಮಾತು ಹೇಳ್ತೀನಿ, ಸಿಟ್ಟಾಗಬೇಡಿ. ಖಾತೆಯಿಂದ ಬಿಲ್ ತಾನೇ ಕಟ್ಟಿಹೋಗುವ ಆಟೋ ಪೇ ಹಾಕದೆ ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿದ್ದು ನಿಮ್ಮ ತಪ್ಪು. ಬ್ಯಾಂಕಿಗೆ ನಿಮ್ಮ ಪ್ಲೇಟ್‌ಲೆಟ್ ಲೆಕ್ಕ ಬೇಕಿಲ್ಲ.

ಟಿಳಕವಾಡಿಯವಳು · ರಾತ್ರಿ 10:03

ಆಟೋ ಪೇ ಅಂದರೆ ಅದೇನು ದೇವರ ಗಂಟೆನಾ? ನಮ್ಮ ಮನೆಯವರಿಗೆ ಹೋದ ವರ್ಷ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಟೋ ಪೇ ಇತ್ತು. ನಾನು ಎಟಿಎಂನಿಂದ ರೊಕ್ಕ ತೆಗೆದು ದವಾಖಾನೆಗೆ ಅಡ್ವಾನ್ಸ್ ಕಟ್ಟಿದೆ. ಮರುದಿನ ಆಟೋ ಪೇ ಬಂದು ನೋಡಿದರೆ ಖಾತೆ ಖಾಲಿ. ಕಾರ್ಡಿನವರು ದಂಡ ಹಾಕಿದರು, ಖಾತೆ ಇರುವ ಬ್ಯಾಂಕಿನವರು ಬೌನ್ಸ್ ಆಯಿತು ಅಂತ ಬೇರೆ ದಂಡ ಹಾಕಿದರು. ಒಂದು ಏಟಿಗೆ ಎರಡು ಗಾಯ.

ಕಾಯಿಲೆ ಬಂದಾಗ ಎಲ್ಲ ಒಟ್ಟಿಗೇ ಬರುತ್ತೆ ಸರ್. ಗಟ್ಟಿ ಇರುವಾಗ ಬುದ್ಧಿ ಹೇಳುವುದು ಸುಲಭ.

ಗುಮ್ಮಟದ ನೆರಳು · ರಾತ್ರಿ 10:06

ಅಕ್ಕಾರ, ದವಾಖಾನೆ ಖರ್ಚಿಗೆ ಬೇರೆ ಖಾತೆ ಇರಬೇಕಿತ್ತು.

ಟಿಳಕವಾಡಿಯವಳು · ರಾತ್ರಿ 10:07

ಹೌದ್ರಿ, ಮನೆ ಹಿತ್ತಲಲ್ಲಿ ಒಂದು ಟಂಕಸಾಲೆನೂ ಇರಬೇಕಿತ್ತು.

ಅಥಣಿ ಎಕ್ಸ್‌ಪ್ರೆಸ್ · ರಾತ್ರಿ 10:09

😂😂

ಹಳೇ ಕ್ಯಾಶಿಯರ್ · ರಾತ್ರಿ 10:48

ತಮ್ಮಾ, ನಾನು ವಿಜಯಪುರದವ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತಿ ಆದವ. ಒಂದೊಂದಾಗಿ ಹೇಳ್ತೀನಿ.

ಕಾಯಿಲೆ ಇದ್ದರೆ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇಲ್ಲ. ಹಾಗಾಗಿ ಹಕ್ಕು ಅಂತ ಜಗಳಕ್ಕೆ ಹೋದರೆ ಸೋಲ್ತೀರಿ. ಆದರೆ ಬಿಡುವ ಅಧಿಕಾರ ಬ್ಯಾಂಕಿನವರಿಗೆ ಇದೆ. ಹಳೇ ಗಿರಾಕಿ, ಮೊದಲ ತಪ್ಪು, ಕೈಯಲ್ಲಿ ಡಿಸ್ಚಾರ್ಜ್ ಚೀಟಿ ಇದೆ ಅಂದರೆ ದಂಡವನ್ನು ಬಹಳ ಸಲ ವಾಪಸ್ ಮಾಡ್ತಾರೆ. ಬಡ್ಡಿ ಬಿಡುವುದು ಅಪರೂಪ.

ಹಕ್ಕು ಅನ್ನುವುದು ಎಲ್ಲಿ ಬರುತ್ತೆ ಅಂದರೆ, 2022ರಲ್ಲಿ ಆರ್‌ಬಿಐ ಕಾರ್ಡ್‌ಗಳ ಬಗ್ಗೆ ಹೊಸ ನಿರ್ದೇಶನ ಕೊಟ್ಟಿತು. ಅದರ ಪ್ರಕಾರ ಕೊನೇ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚು ಆದ ಮೇಲೆಯೇ ತಡದ ದಂಡ ಹಾಕಬೇಕು, ಆಮೇಲೆಯೇ ಸಿಬಿಲ್‌ನಂಥ, ಸಾಲದ ದಾಖಲೆ ಇಡುವ ಸಂಸ್ಥೆಗಳಿಗೆ ತಿಳಿಸಬೇಕು. ನೀವು 17ರೊಳಗೆ ಕಟ್ಟಿದ್ದರೆ ದಂಡವೇ ಬರುತ್ತಿರಲಿಲ್ಲ. ಹದಿನೈದು ದಿನ ಆಗಿದೆ, ಆ ಬಾಗಿಲು ಮುಚ್ಚಿತು.

ರಾತ್ರಿ ಎಂಟೂವರೆ ಫೋನ್ ಮಾತ್ರ ಬಿಡಬೇಡಿ. ವಸೂಲಿಯವರು ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಮನೆಯವರಿಗೆ ಅವಮಾನ ಮಾಡುವ ಹಾಗೂ ಇಲ್ಲ. ಇದು ದಯೆ ಕೇಳುವ ವಿಷಯ ಅಲ್ಲ, ದೂರು.

ಅಥಣಿ ಎಕ್ಸ್‌ಪ್ರೆಸ್ · ರಾತ್ರಿ 10:55

ಈ ವರ್ಷ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತಲ್ಲ, ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ ಜೈಲು ಅಂತ. ಸೀದಾ ಠಾಣೆಗೆ ಹೋಗಿ.

ಹಳೇ ಕ್ಯಾಶಿಯರ್ · ರಾತ್ರಿ 11:02

ಅದು ಮೈಕ್ರೋ ಫೈನಾನ್ಸ್, ಕೈಸಾಲದವರ ಕಾಟಕ್ಕೆ ತಂದದ್ದು. ಆರ್‌ಬಿಐ ನೋಂದಣಿ ಇರುವ ಬ್ಯಾಂಕುಗಳಿಗೆ ಅನ್ವಯ ಆಗಲ್ಲ. ಬೈದು ಬೆದರಿಸಿದ್ದರೆ ಪೊಲೀಸರ ಹತ್ತಿರ ಹೋಗಲು ಯಾರೂ ಬೇಡ ಅನ್ನಲ್ಲ. ಆದರೆ ಆ ಕಾನೂನಿನ ಹೆಸರು ಹೇಳಿಕೊಂಡು ಹೋಗಬೇಡಿ.

ಲೆಕ್ಕದ ಮಾಸ್ತರ · 2 ಸೆಪ್ಟೆಂಬರ್, ಬೆಳಗ್ಗೆ 6:30

ಜಮಖಂಡಿಯಿಂದ. 3,592 ಎಲ್ಲಿಂದ ಬಂತು ಅಂತ ಯಾರೂ ಕೇಳಲೇ ಇಲ್ಲ. ಝೆರಾಕ್ಸ್ ಅಣ್ಣಾ, ಬಿಲ್‌ನಲ್ಲಿ ತಿಂಗಳ ಬಡ್ಡಿ ಎಷ್ಟು ಬರೆದಿದೆ? ತಡದ ದಂಡ ಎಷ್ಟು? ಸಾಮಾನು ತಂದದ್ದು ಯಾವಾಗ?

ನವನಗರ ಝೆರಾಕ್ಸ್ · ಬೆಳಗ್ಗೆ 8:15

ಬಡ್ಡಿ 3.75. ದಂಡ 1,100. ಸಾಮಾನು ಹೆಚ್ಚುಕಡಿಮೆ ಎಲ್ಲ ಜುಲೈ 15ಕ್ಕೆ ಒಂದೇ ದಿನ ತಂದದ್ದು.

ಲೆಕ್ಕದ ಮಾಸ್ತರ · ಬೆಳಗ್ಗೆ 8:50

ಸರಿ. ತಿಂಗಳಿಗೆ 3.75 ಅಂದರೆ ವರ್ಷಕ್ಕೆ ನೂರಕ್ಕೆ 45. ನಮ್ಮೂರಿನ ಕೈಸಾಲದ ಸಾಹುಕಾರನೂ ನಾಚಿಕೊಳ್ಳಬೇಕು.

38,460ಕ್ಕೆ ವರ್ಷದ ಬಡ್ಡಿ 17,307. ದಿನಕ್ಕೆ 47 ರೂಪಾಯಿ 42 ಪೈಸೆ. ಈಗ ಮುಖ್ಯ ಮಾತು ಕೇಳಿ. ಬಡ್ಡಿ ಆಗಸ್ಟ್ 14ರಿಂದ ಅಲ್ಲ, ಸಾಮಾನು ತಂದ ಜುಲೈ 15ರಿಂದಲೇ ಹಿಡಿದಿದ್ದಾರೆ. ಪೂರ್ತಿ ಬಿಲ್ ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲದ ದಿನಗಳು. ಕಟ್ಟದಿದ್ದರೆ ಆ ಸವಲತ್ತು ಹಿಂದಿನಿಂದಲೇ ಮಾಯ. ಜುಲೈ 15ರಿಂದ ಆಗಸ್ಟ್ 25ಕ್ಕೆ 41 ದಿನ, 1,944 ರೂಪಾಯಿ. ದಂಡ 1,100 ಕೂಡಿಸಿ, 3,044. ಅದರ ಮೇಲೆ ಶೇ 18 ಜಿಎಸ್‌ಟಿ 548. ಒಟ್ಟು 3,592. ಬ್ಯಾಂಕಿನ ಲೆಕ್ಕ ಸರಿ ಇದೆ.

ಇನ್ನೊಂದು ಮಾತು, ಈಗಲೇ ಬರೆದಿಟ್ಟುಕೊಳ್ಳಿ. ನೀವು ಕಟ್ಟಿದ್ದು 29ಕ್ಕೆ. 25ರಿಂದ 29ರವರೆಗಿನ ನಾಲ್ಕು ದಿನದ ಬಡ್ಡಿ ಬಾಕಿ ಇದೆ. 190 ಬಡ್ಡಿ, 34 ಜಿಎಸ್‌ಟಿ, ಒಟ್ಟು 224. ಸೆಪ್ಟೆಂಬರ್ 25ರ ಬಿಲ್‌ನಲ್ಲಿ ಬರುತ್ತೆ. ಪೂರ್ತಿ ಕಟ್ಟಿದ್ದೇನಲ್ಲ ಅಂತ ಅದನ್ನು ಬಿಟ್ಟುಬಿಟ್ಟರೆ 224ಕ್ಕೆ ಮತ್ತೆ ದಂಡ!

ಅಥಣಿ ಎಕ್ಸ್‌ಪ್ರೆಸ್ · ಬೆಳಗ್ಗೆ 9:05

ಮಾಸ್ತರ, ವರ್ಷಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ತಗೋಬಾರದು ಅಂತ ಗ್ರಾಹಕರ ಆಯೋಗದ ತೀರ್ಪು ಇದೆಯಲ್ಲ?

ಲೆಕ್ಕದ ಮಾಸ್ತರ · ಬೆಳಗ್ಗೆ 9:11

ಇತ್ತು. 2008ರದ್ದು, ರಾಷ್ಟ್ರೀಯ ಆಯೋಗ ಕೊಟ್ಟದ್ದು. 2024ರ ಡಿಸೆಂಬರ್ 20ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ವಾಟ್ಸಾಪ್‌ನಲ್ಲಿ ಮಾತ್ರ ಇನ್ನೂ ಜೀವಂತ ಇದೆ.

ಗುಮ್ಮಟದ ನೆರಳು · ಬೆಳಗ್ಗೆ 9:30

ಕನಿಷ್ಠ ಮೊತ್ತ ಕಟ್ಟಿದ್ದರೂ ಸಾಕಿತ್ತು. ಎರಡು ಸಾವಿರದ ಆಸುಪಾಸು ಇರುತ್ತಿತ್ತು ಅಷ್ಟೇ.

ಲೆಕ್ಕದ ಮಾಸ್ತರ · ಬೆಳಗ್ಗೆ 9:41

ಅರ್ಧ ಸರಿ. ಕನಿಷ್ಠ ಕಟ್ಟಿದರೆ ತಡದ ದಂಡ ಇಲ್ಲ, ಸಿಬಿಲ್‌ಗೂ ಪೆಟ್ಟಿಲ್ಲ. ಆದರೆ ಉಳಿದದ್ದಕ್ಕೆ ಅದೇ 45 ಓಡುತ್ತೆ, ಹೊಸದಾಗಿ ಏನು ಖರೀದಿ ಮಾಡಿದರೂ ಅವತ್ತಿನಿಂದಲೇ ಬಡ್ಡಿ. ಜ್ವರ ಬಂದ ತಿಂಗಳು ಒಂದು ಸಲ ಪರವಾಗಿಲ್ಲ. ಅದನ್ನೇ ಚಟ ಮಾಡಿಕೊಂಡವರು ಯಾರೂ ಉದ್ಧಾರ ಆಗಿಲ್ಲ.

ಪುಣೆಯ ಬಾಗಲಕೋಟೆಯವ · ಬೆಳಗ್ಗೆ 11:20

ಎಲ್ಲ ಓದಿದೆ. ಒಂದು ವಿಷಯ ಯಾರೂ ಹೇಳಲಿಲ್ಲ. ನವನಗರದ ಅಣ್ಣಾ, ದವಾಖಾನೆಯಲ್ಲಿ ನಿಮ್ಮ ಜೊತೆ ಯಾರು ಇದ್ದರು?

ನವನಗರ ಝೆರಾಕ್ಸ್ · ಬೆಳಗ್ಗೆ 11:35

ಹೆಂಡತಿ. ತಮ್ಮ ಹುಬ್ಬಳ್ಳಿಯಿಂದ ದಿನಾ ಬಂದು ಹೋಗುತ್ತಿದ್ದ. ಅವನು 13ಕ್ಕೆ ಕೇಳಿದ್ದ ಕೂಡ, "ಅಣ್ಣಾ, ಎಲ್ಲಾದರೂ ರೊಕ್ಕ ಕಟ್ಟುವುದು ಇದೆಯಾ" ಅಂತ. ಕಾರ್ಡ್ ಬಿಲ್ ಇದೆ ಅಂದೆನಂತೆ. ನನಗೆ ನೆನಪಿಲ್ಲ. ಆದರೆ ಫೋನು ಮನೆಯಲ್ಲಿ, ಅದರ ಲಾಕ್ ಯಾರಿಗೂ ಗೊತ್ತಿಲ್ಲ, ಓಟಿಪಿ ನನಗೇ ಬರುತ್ತೆ ಅಂತ ಅವನೂ ಸುಮ್ಮನಾಗಿದ್ದಾನೆ.

ಪುಣೆಯ ಬಾಗಲಕೋಟೆಯವ · ಬೆಳಗ್ಗೆ 11:58

ಇದೇ ನೋಡಿ! ಕಾರ್ಡ್ *ಬಳಸಲು* ನಿಮ್ಮ ಓಟಿಪಿ ಬೇಕು. ಬಿಲ್ *ಕಟ್ಟಲು* ಬೇಕಿಲ್ಲ.

ನಮ್ಮ ಅಪ್ಪನ ಕಾರ್ಡ್ ಬಿಲ್ ನಾನು ಇಲ್ಲಿ ಪುಣೆಯಲ್ಲಿ ಕೂತು ಕಟ್ಟುತ್ತೇನೆ. ಫೋನ್‌ಪೇ, ಗೂಗಲ್ ಪೇ ಯಾವುದರಲ್ಲಾದರೂ ಕ್ರೆಡಿಟ್ ಕಾರ್ಡ್ ಬಿಲ್ ಅಂತ ಇರುತ್ತೆ. ಬ್ಯಾಂಕ್ ಆರಿಸಿ, ಅಪ್ಪನ ಮೊಬೈಲ್ ನಂಬರ್, ಕಾರ್ಡಿನ ಕೊನೇ ನಾಲ್ಕು ಅಂಕಿ ಹಾಕಿದರೆ ಬಿಲ್ ತಾನೇ ಬರುತ್ತೆ. ಹೋಗುವುದು ನನ್ನ ರೊಕ್ಕ, ಒತ್ತುವುದು ನನ್ನ ಯುಪಿಐ ಪಿನ್. ಅದು ಸಿಗದಿದ್ದರೆ ಕಾರ್ಡ್ ನಂಬರನ್ನೇ ಖಾತೆ ನಂಬರಿನ ಜಾಗದಲ್ಲಿ ಹಾಕಿ ಎನ್‌ಇಎಫ್‌ಟಿ ಮಾಡಲು ಬಹಳ ಬ್ಯಾಂಕುಗಳು ಬಿಡುತ್ತವೆ. ಅದಕ್ಕೆ ಬೇಕಾದ ಐಎಫ್‌ಎಸ್‌ಸಿ ಬ್ಯಾಂಕಿನ ವೆಬ್‌ಸೈಟಿನಲ್ಲಿ ಸಿಗುತ್ತೆ. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ ರಾತ್ರಿ ಹಗಲು, ರಜೆಯಲ್ಲೂ ನಡೆಯುತ್ತೆ.

ನಿಮ್ಮ ಕಾರ್ಡ್ ಜೇಬಿನಲ್ಲೇ ಇದ್ದಿರಬೇಕು. ತಮ್ಮ ಆಸ್ಪತ್ರೆ ಬೆಂಚಿನ ಮೇಲೆ ಕೂತು ಎರಡು ನಿಮಿಷದಲ್ಲಿ ಕಟ್ಟಬಹುದಿತ್ತು.

ನವನಗರ ಝೆರಾಕ್ಸ್ · ಮಧ್ಯಾಹ್ನ 12:10

ಅಯ್ಯೋ ಶಿವನೇ. ಕಾರ್ಡ್ ಹೆಂಡತಿಯ ಪರ್ಸಿನಲ್ಲಿ ಇತ್ತು. ತಮ್ಮನಿಗೆ ಇದನ್ನು ಹೇಳಲೋ ಬೇಡವೋ ಗೊತ್ತಾಗ್ತಿಲ್ಲ. ಆ ಒಂಬತ್ತು ದಿನ ಅವನು ಕೆಲಸ ಬಿಟ್ಟು ಓಡಾಡಿದ್ದಾನೆ.

ಟಿಳಕವಾಡಿಯವಳು · ಮಧ್ಯಾಹ್ನ 12:22

ಹೇಳಬೇಡಿ. ಅಥವಾ ಆರು ತಿಂಗಳು ಬಿಟ್ಟು ನಗುತ್ತಾ ಹೇಳಿ.

ಪುಣೆ ತಮ್ಮಾ, ಇದು ನನಗೂ ಗೊತ್ತಿರಲಿಲ್ಲ. ಇವತ್ತೇ ನಮ್ಮವರ ಕಾರ್ಡಿನ ಕೊನೇ ನಾಲ್ಕು ಅಂಕಿ, ಬಿಲ್ ತಾರೀಖು, ಕೊನೇ ದಿನ ಮೂರನ್ನೂ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದೆ. ಹಾಲಿನ ಲೆಕ್ಕದ ಪಕ್ಕದಲ್ಲಿ.

ಗುಮ್ಮಟದ ನೆರಳು · ಮಧ್ಯಾಹ್ನ 12:40

ಪಿನ್ ಬರೆಯಬೇಡಿ ಮತ್ತೆ.

ಟಿಳಕವಾಡಿಯವಳು · ಮಧ್ಯಾಹ್ನ 12:41

ಕೃಪೆ ಇರಲಿ ಸಾಹೇಬರ.

ಮಲಪ್ರಭಾ ದಂಡೆ · ಮಧ್ಯಾಹ್ನ 2:15

ನಾನು ನರ್ಸ್, ಬೆಳಗಾವಿಯಲ್ಲಿ. ನಮ್ಮ ವಾರ್ಡಿನಲ್ಲಿ ಇದನ್ನು ದಿನಾ ನೋಡುತ್ತೇನೆ. ಎಲ್ಐಸಿ ಕಂತು, ಟ್ರ್ಯಾಕ್ಟರ್ ಕಂತು, ಕರೆಂಟ್ ಬಿಲ್. ಗ್ಲೂಕೋಸ್ ಏರುತ್ತಿರುವ ಕೈಯಿಂದಲೇ ಫೋನ್ ಒತ್ತುತ್ತಿರುತ್ತಾರೆ.

ಒಂದು ಸಲ ಒಬ್ಬ ಮಾಮಾ, ಮಗಳ ಡೆಲಿವರಿಗೆ ಅಡ್ವಾನ್ಸ್ ಬೇಕು ಅಂತ ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದುಕೊಂಡು ಬಂದರು. ನಮ್ಮ ಕೌಂಟರಿನಲ್ಲೇ ಕಾರ್ಡ್ ಉಜ್ಜಬಹುದಿತ್ತು! ನಗದು ತೆಗೆದರೆ ಅವತ್ತಿನಿಂದಲೇ ಬಡ್ಡಿ, ಮೇಲೆ ತೆಗೆದದ್ದಕ್ಕೆ ಬೇರೆ ಶುಲ್ಕ. ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು.

ಝೆರಾಕ್ಸ್ ಅಣ್ಣಾರ, ಡೆಂಗೀ ಆದ ಮೇಲೆ ಸುಸ್ತು ವಾರಗಟ್ಟಲೆ ಇರುತ್ತೆ. ಈಗಲೇ ಅಂಗಡಿ ಬಾಗಿಲು ತೆಗೆದು ಕೂರಬೇಡಿ. ನೀರು, ಎಳನೀರು, ಗಂಜಿ ಜಾಸ್ತಿ ತಗೊಳ್ಳಿ.

ಕರದಂಟು ಕಂಪನಿ · ಮಧ್ಯಾಹ್ನ 2:31

ಪಪ್ಪಾಯಿ ಎಲೆ ರಸ ಕುಡಿದಿರಾ? ನಮ್ಮ ಕಾಕಾಗೆ ಎರಡೇ ದಿನದಲ್ಲಿ ಪ್ಲೇಟ್‌ಲೆಟ್ ಏರಿತು.

ಮಲಪ್ರಭಾ ದಂಡೆ · ಮಧ್ಯಾಹ್ನ 2:38

ಜ್ವರ ಇಳಿದ ಮೇಲೆ ಪ್ಲೇಟ್‌ಲೆಟ್ ಬಹಳ ಜನರಿಗೆ ತಾನೇ ಏರುತ್ತೆ. ಆ ಹೊತ್ತಿಗೆ ಏನು ಕುಡಿದಿರುತ್ತಾರೋ ಅದಕ್ಕೆ ಹೆಸರು. ರಸ ಕುಡಿದು ವಾಂತಿ ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ. ಅದಕ್ಕಿಂತ ಮುಖ್ಯ, ಡೆಂಗೀ ಅನುಮಾನ ಇದ್ದಾಗ ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್ ನುಂಗಬೇಡಿ. ರಕ್ತಸ್ರಾವದ ಅಪಾಯ.

ಕರದಂಟು ಕಂಪನಿ · ಮಧ್ಯಾಹ್ನ 2:44

ಆಯ್ತ್ರಿ ಅಕ್ಕಾರ. ಶಕ್ತಿಗೆ ಅಮೀನಗಡ ಕರದಂಟು ತಿನ್ನಬಹುದಲ್ಲ? ಅದಕ್ಕಾದರೂ ಬೇಡ ಅನ್ನಬೇಡಿ.

ಗೋಕಾಕದ ಗಾಳಿ · ಮಧ್ಯಾಹ್ನ 2:50

ಕರದಂಟು ಅಂದರೆ ಗೋಕಾಕ. ಅಮೀನಗಡದ್ದು ಆಮೇಲೆ.

ಕರದಂಟು ಕಂಪನಿ · ಮಧ್ಯಾಹ್ನ 2:51

ಶುರು ಆಯಿತು.

ಲೆಕ್ಕದ ಮಾಸ್ತರ · ಮಧ್ಯಾಹ್ನ 3:20

ಇಬ್ಬರೂ ಅರ್ಧ ಅರ್ಧ ಕಿಲೋ ಜಮಖಂಡಿಗೆ ಕಳಿಸಿ, ತೀರ್ಪು ಕೊಡ್ತೀನಿ. ಈಗ ವಿಷಯಕ್ಕೆ ಬನ್ನಿ.

ಸಿಬಿಲ್ ಕ್ಲಿಯರ್ ಸರ್ವಿಸ್ · ಸಂಜೆ 4:02

[ಈ ಬರಹವನ್ನು ತೆಗೆದುಹಾಕಲಾಗಿದೆ]

ನಿರ್ವಾಹಕ · ಸಂಜೆ 4:10

"ದಂಡ ಮನ್ನಾ ಮಾಡಿಸಿಕೊಡುತ್ತೇವೆ, ಕಾರ್ಡ್ ವಿವರ ಕಳಿಸಿ" ಅಂತ ಬಂದಿತ್ತು. ತೆಗೆದಿದ್ದೇನೆ. ಯಾರಿಗಾದರೂ ಖಾಸಗಿಯಾಗಿ ಮೆಸೇಜ್ ಬಂದರೆ ಉತ್ತರ ಕೊಡಬೇಡಿ.

ಹಳೇ ಕ್ಯಾಶಿಯರ್ · ಸಂಜೆ 4:35

ಒಳ್ಳೆಯದು ಮಾಡಿದಿರಿ. ಗ್ರಾಹಕ ಸೇವೆ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಫೋನ್ ಮಾಡುವವರೂ ಹುಷಾರಾಗಿರಿ, ಕಳ್ಳ ನಂಬರ್ ಮೇಲೇ ಕೂತಿರುತ್ತೆ. ಕಾರ್ಡಿನ ಹಿಂಬದಿ ಇರುವ ನಂಬರ್ ಮಾತ್ರ ನಂಬಿ. ರೊಕ್ಕ ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಸಿಬಿಲ್ ವಿಷಯ. ತಮ್ಮಾ, ನಿಮ್ಮ ಅದೃಷ್ಟ ಸ್ವಲ್ಪ ಚೆನ್ನಾಗಿದೆ ಅನಿಸುತ್ತೆ. ಈ ವರ್ಷ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ವಿವರ ಕಳಿಸಬೇಕು. 15ನೇ ತಾರೀಖಿನ ಸ್ಥಿತಿ ಒಂದು, ತಿಂಗಳ ಕೊನೇ ದಿನದ ಸ್ಥಿತಿ ಇನ್ನೊಂದು. ಆಗಸ್ಟ್ 15ಕ್ಕೆ ನಿಮ್ಮದು ಒಂದೇ ದಿನ ತಡ, ಮೂರು ದಿನದ ಒಳಗೆ. 31ಕ್ಕೆ ಪೂರ್ತಿ ಕಟ್ಟಿ ಆಗಿತ್ತು. ನಡುವಿನ ಹದಿನೈದು ದಿನ ಎರಡು ಫೋಟೋಗಳ ಮಧ್ಯೆ ನುಸುಳಿ ಹೋಗಿರಬಹುದು. ಖಾತ್ರಿ ಮಾಡಿಕೊಳ್ಳಿ. ಸಿಬಿಲ್ ಸೇರಿ ನಾಲ್ಕು ಸಂಸ್ಥೆ ಇವೆ. ಪ್ರತಿಯೊಂದರಿಂದಲೂ ವರ್ಷಕ್ಕೆ ಒಂದು ಪೂರ್ತಿ ವರದಿ ಪುಕ್ಕಟೆ ಸಿಗುತ್ತೆ. ತಿಂಗಳ ಚೌಕದಲ್ಲಿ 000 ಇದ್ದರೆ, ಅಂದರೆ ತಡ ಸೊನ್ನೆ ದಿನ, ಆರಾಮ.

ನವನಗರ ಝೆರಾಕ್ಸ್ · ಸಂಜೆ 6:20

ಕಾಕಾ, ಈ ಮಾತು ಕೇಳಿ ಅರ್ಧ ಜ್ವರ ಇಳಿಯಿತು. ಬ್ಯಾಂಕಿಗೆ ಈ ಥರ ಬರೆದಿದ್ದೇನೆ, ನೋಡಿ ಹೇಳಿ:

"ಮಾನ್ಯರೇ, ನಾನು ನಿಮ್ಮ ಬ್ಯಾಂಕಿನ ಅತ್ಯಂತ ನಿಷ್ಠಾವಂತ ಗ್ರಾಹಕನಾಗಿದ್ದು, ದುರದೃಷ್ಟವಶಾತ್ ಮಾರಣಾಂತಿಕವಾದ ಡೆಂಗೀ ಜ್ವರಕ್ಕೆ ತುತ್ತಾಗಿ, ತೀವ್ರ ನಿಗಾ ಘಟಕದಲ್ಲಿ ಸಾವು ಬದುಕಿನ ನಡುವೆ ಹೋರಾಡಿ, ತಮ್ಮ ಕೃಪೆಯನ್ನು ಬೇಡುತ್ತಾ..."

ಅಥಣಿ ಎಕ್ಸ್‌ಪ್ರೆಸ್ · ಸಂಜೆ 6:24

ಇದನ್ನು ಓದಿ ಬ್ಯಾಂಕಿನವನು ಹಾರ ತಗೊಂಡು ಬರ್ತಾನೆ.

ಹಳೇ ಕ್ಯಾಶಿಯರ್ · ಸಂಜೆ 7:05

ಇಷ್ಟು ಬೇಡ. ಆ ಕಡೆ ಕೂತ ಹುಡುಗನಿಗೆ ದಿನಕ್ಕೆ ನೂರಾರು ಪತ್ರ ಓದುವುದಿರುತ್ತೆ. ಹೀಗೆ ಬರೆಯಿರಿ:

"ಕಾರ್ಡಿನ ಕೊನೆಯ ನಾಲ್ಕು ಅಂಕಿ ಇಷ್ಟು. ಆಗಸ್ಟ್ 11ರಿಂದ 20ರವರೆಗೆ ಡೆಂಗೀಯಿಂದ ಆಸ್ಪತ್ರೆಯಲ್ಲಿದ್ದೆ. ಆಗಸ್ಟ್ 14ರ ಬಿಲ್ ಕಟ್ಟಲಾಗಲಿಲ್ಲ. ಆಗಸ್ಟ್ 29ರಂದು ಪೂರ್ತಿ 42,052 ರೂಪಾಯಿ ಕಟ್ಟಿದ್ದೇನೆ. ಆರು ವರ್ಷದಲ್ಲಿ ಇದೇ ಮೊದಲ ತಡ. ತಡದ ದಂಡ 1,100, ಅದರ ಜಿಎಸ್‌ಟಿ 198, ಮತ್ತು ಬಡ್ಡಿಯನ್ನು ವಾಪಸ್ ಮಾಡಬೇಕಾಗಿ ಕೋರುತ್ತೇನೆ. ಡಿಸ್ಚಾರ್ಜ್ ಚೀಟಿ ಲಗತ್ತಿಸಿದ್ದೇನೆ."

ಅಷ್ಟೇ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಕಳಿಸಬೇಡಿ. ಅವರಿಗೆ ಬೇಕಿಲ್ಲ, ನಿಮ್ಮ ಖಾಸಗಿ ಅದು.

ವಸೂಲಿ ಫೋನಿನ ದೂರು ಬೇರೆ ಪತ್ರದಲ್ಲಿ ಬರೆಯಿರಿ, ಎರಡನ್ನೂ ಕಲಸಬೇಡಿ. ತಾರೀಖು, ಹೊತ್ತು, ಬಂದ ನಂಬರ್, ಆಡಿದ ಮಾತು. ಫೋನಿನ ಕರೆ ಪಟ್ಟಿಯ ಚಿತ್ರ ಜೊತೆಗಿರಲಿ. ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆ ಆಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್. ಆನ್‌ಲೈನ್‌ನಲ್ಲೇ ಕೊಡಬಹುದು, ಒಂದು ಪೈಸೆ ಶುಲ್ಕ ಇಲ್ಲ. ಮಾಹಿತಿಗೆ 14448. ಮೊದಲು ಬ್ಯಾಂಕಿಗೆ ಬರೆಯದೆ ಅಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ.

ಗುಮ್ಮಟದ ನೆರಳು · ಸಂಜೆ 7:30

ಇಷ್ಟೆಲ್ಲ ಒದ್ದಾಟ ಯಾಕೆ? ಕಾರ್ಡೇ ಮುರಿದು ಹಾಕಿ. ನಮ್ಮ ಅಜ್ಜ ಸೊಸೈಟಿಯಲ್ಲಿ ಸಾಲ ತೆಗೆದು ಬಾವಿ ತೋಡಿಸಿದ, ಕಾರ್ಡ್ ಇರಲಿಲ್ಲ.

ಲೆಕ್ಕದ ಮಾಸ್ತರ · ಸಂಜೆ 7:44

ಸೊಸೈಟಿ ಮಾತು ಬಂತಲ್ಲ, ಹೇಳಿಯೇ ಬಿಡ್ತೀನಿ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಶುರುವಾದದ್ದು ನಮ್ಮ ಪಕ್ಕದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ. ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಸಾಹುಕಾರರ ಬಡ್ಡಿ ತಾಳಲಾರದೆ ಹುಟ್ಟಿದ ಸಂಘ. ಈಗ ನೋಡಿದರೆ ಸಾಹುಕಾರ ನಮ್ಮ ಜೇಬಿನಲ್ಲೇ ಪ್ಲಾಸ್ಟಿಕ್ ಆಗಿ ಕೂತಿದ್ದಾನೆ.

ಆದರೆ ಮುರಿದು ಹಾಕಿ ಅನ್ನುವುದು ತಪ್ಪು ಸಲಹೆ. ಕತ್ತರಿಯಿಂದ ಕಾರ್ಡ್ ಕತ್ತರಿಸಿದರೆ ಖಾತೆ ಮುಚ್ಚಲ್ಲ. ವರ್ಷದ ಶುಲ್ಕ ಬರುತ್ತಲೇ ಇರುತ್ತೆ. ಬಾಕಿ ತೀರಿಸಿ, ಮುಚ್ಚಿ ಅಂತ ಬರೆದು ಕೊಡಬೇಕು. ಏಳು ಕೆಲಸದ ದಿನದಲ್ಲಿ ಮುಚ್ಚದಿದ್ದರೆ ಬ್ಯಾಂಕೇ ದಿನಕ್ಕೆ 500 ರೂಪಾಯಿ ಗಿರಾಕಿಗೆ ಕೊಡಬೇಕು. ಅದೂ 2022ರ ಅದೇ ನಿರ್ದೇಶನದಲ್ಲಿದೆ.

ನವನಗರ ಝೆರಾಕ್ಸ್ · ಸಂಜೆ 8:02

ಮುಚ್ಚಲ್ಲ. ಜೂನ್, ಜುಲೈಯಲ್ಲಿ ಅದಿಲ್ಲದೆ ಸಾಮಾನು ತರಲು ಆಗಲ್ಲ. ಕೊನೇ ದಿನ 14 ಇರುವುದೇ ನನಗೆ ತೊಂದರೆ. ಶಾಲೆಗಳು ಬಾಕಿ ಕೊಡುವುದು 20ರ ನಂತರ.

ಪುಣೆಯ ಬಾಗಲಕೋಟೆಯವ · ಸಂಜೆ 8:15

ಬಿಲ್ ತಾರೀಖು ಬದಲಿಸಿಕೊಳ್ಳಿ. ಕನಿಷ್ಠ ಒಂದು ಸಲ ಬದಲಿಸಲು ಬ್ಯಾಂಕ್ ಅವಕಾಶ ಕೊಡಲೇಬೇಕು. ಆ್ಯಪ್‌ನಲ್ಲೇ ಇರಬಹುದು, ನೋಡಿ.

ನವನಗರ ಝೆರಾಕ್ಸ್ · 11 ಸೆಪ್ಟೆಂಬರ್, ಬೆಳಗ್ಗೆ 10:10

ಸಿಬಿಲ್ ವರದಿ ತೆಗೆದೆ. ಆಗಸ್ಟ್ ಚೌಕದಲ್ಲಿ 000! ಕಾಕಾ, ನಿಮ್ಮ ಬಾಯಿಗೆ ಸಕ್ಕರೆ.

ಬ್ಯಾಂಕಿನಿಂದ ದಂಡದ ಬಗ್ಗೆ ಉತ್ತರ ಬಂತು. "ವ್ಯವಸ್ಥೆಯ ಪ್ರಕಾರ ಸರಿಯಾಗಿ ವಿಧಿಸಲಾಗಿದೆ, ವಾಪಸ್ ಸಾಧ್ಯವಿಲ್ಲ." ಎರಡೇ ಸಾಲು.

ಗುಮ್ಮಟದ ನೆರಳು · ಬೆಳಗ್ಗೆ 10:20

ಹೇಳಿದ್ದೆ.

ಹಳೇ ಕ್ಯಾಶಿಯರ್ · ಬೆಳಗ್ಗೆ 10:45

ಮೊದಲ ಉತ್ತರ ಯಾವಾಗಲೂ ಇದೇ. ಅದರ ಕೆಳಗೇ ಮೇಲಿನ ಅಧಿಕಾರಿಯ ವಿಳಾಸ ಇರುತ್ತೆ. ಅದೇ ಪತ್ರ ಅವರಿಗೆ ಕಳಿಸಿ, ಈ ಉತ್ತರವನ್ನೂ ಜೋಡಿಸಿ. ವಸೂಲಿ ದೂರಿನ ಕಥೆ ಏನಾಯಿತು?

ನವನಗರ ಝೆರಾಕ್ಸ್ · ಬೆಳಗ್ಗೆ 10:52

ಅದಕ್ಕೆ ಇನ್ನೂ ಉತ್ತರ ಇಲ್ಲ. ಮೇಲಿನವರಿಗೆ ಈಗಲೇ ಕಳಿಸುತ್ತೇನೆ.

ನವನಗರ ಝೆರಾಕ್ಸ್ · 19 ಸೆಪ್ಟೆಂಬರ್, ಸಂಜೆ 5:30

ಇವತ್ತು ಒಬ್ಬ ಹೆಣ್ಣುಮಗಳು ಬ್ಯಾಂಕಿನಿಂದ ಫೋನ್ ಮಾಡಿದ್ದರು. ಕನ್ನಡದಲ್ಲೇ ಮಾತಾಡಿದರು. ವಸೂಲಿಯವನ ಕರೆ ಪರಿಶೀಲಿಸಿದ್ದೇವೆ, ತಪ್ಪಾಗಿದೆ, ಕ್ಷಮಿಸಿ ಅಂದರು. ತಡದ ದಂಡ ಮತ್ತು ಅದರ ಜಿಎಸ್‌ಟಿ ಒಂದು ಸಲಕ್ಕೆ ವಾಪಸ್. ಬಡ್ಡಿ ಆಗಲ್ಲ ಅಂದರು.

ಕ್ಷಮೆ ನನಗಲ್ಲ, ನನ್ನ ಹೆಂಡತಿಗೆ ಕೇಳಿ ಅಂದೆ. ಫೋನು ಅವಳ ಕೈಗೆ ಕೊಟ್ಟೆ. ಅವಳು ಹತ್ತು ನಿಮಿಷ ಮಾತಾಡಿದಳು. ಏನು ಮಾತಾಡಿದಳು ಅಂತ ಹೇಳುತ್ತಿಲ್ಲ. ಕೊನೆಗೆ ಆ ಹೆಣ್ಣುಮಗಳಿಗೆ "ಊಟ ಆಯ್ತಾ" ಅಂತ ಕೇಳಿದ್ದು ಮಾತ್ರ ಕೇಳಿಸಿತು.

ಟಿಳಕವಾಡಿಯವಳು · ಸಂಜೆ 5:41

ವೈನಿಗೆ ನನ್ನ ನಮಸ್ಕಾರ ಹೇಳಿ.

ಅಥಣಿ ಎಕ್ಸ್‌ಪ್ರೆಸ್ · ಸಂಜೆ 5:50

22ರಿಂದ ಜಿಎಸ್‌ಟಿ ಇಳಿಯುತ್ತಂತಲ್ಲ, ಬಡ್ಡಿ ಮೇಲಿನ 18ನೂ ಇಳಿಯುತ್ತಾ?

ಲೆಕ್ಕದ ಮಾಸ್ತರ · ಸಂಜೆ 6:02

ಇಲ್ಲ, ಅದು 18ರಲ್ಲೇ ಇದೆ. ಆದರೆ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ 22ರಿಂದ ಸೊನ್ನೆ. ಝೆರಾಕ್ಸ್ ಅಣ್ಣಾ, ವಿಮೆ ಇದೆಯಾ ನಿಮಗೆ?

ನವನಗರ ಝೆರಾಕ್ಸ್ · ಸಂಜೆ 6:10

ಆ ವಿಷಯ ಬೇರೆ ಚರ್ಚೆಯಲ್ಲಿ ಬೈಸಿಕೊಳ್ತೀನಿ.

ನವನಗರ ಝೆರಾಕ್ಸ್ · 26 ಸೆಪ್ಟೆಂಬರ್, ಬೆಳಗ್ಗೆ 7:15

ನಿನ್ನೆ ಬಿಲ್ ಬಂತು. ಮಾಸ್ತರ, ಬಡ್ಡಿ 190, ಜಿಎಸ್‌ಟಿ 34, ಒಟ್ಟು 224. ನೀವು ಹೇಳಿದ್ದು ರೂಪಾಯಿಗೆ ರೂಪಾಯಿ ಸರಿ. ವಾಪಸ್ ಬಂದ 1,298 ಕಳೆದು ಈಗ ಮೈನಸ್ 1,074 ತೋರಿಸುತ್ತಿದೆ. ಅಂದರೆ ನಾನು ಏನಾದರೂ ಕಟ್ಟಬೇಕಾ?

ಲೆಕ್ಕದ ಮಾಸ್ತರ · ಬೆಳಗ್ಗೆ 7:20

ಏನೂ ಕಟ್ಟಬೇಡಿ. ಬ್ಯಾಂಕೇ ನಿಮಗೆ 1,074 ಕೊಡಬೇಕು. ಮುಂದಿನ ಖರೀದಿಗೆ ವಜಾ ಆಗುತ್ತೆ. ಬೇಕಿದ್ದರೆ ಖಾತೆಗೆ ಹಾಕಿ ಅಂತ ಕೇಳಬಹುದು.

ಕರದಂಟು ಕಂಪನಿ · ಬೆಳಗ್ಗೆ 7:26

ಖಾತೆಗೆ ಯಾಕ್ರಿ? ಕಾರ್ಡ್ ತಗೊಂಡು ಅಮೀನಗಡಕ್ಕೆ ಬನ್ನಿ.

ಗೋಕಾಕದ ಗಾಳಿ · ಬೆಳಗ್ಗೆ 7:27

ಗೋಕಾಕ.